ಮೂರನೇ ತಂತಿ

ಆ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಅವತ್ತು ಬೆಳಿಗ್ಗೆ ನಾಲ್ವರಿದ್ದರು. ಬಾಗಿಲಿಗೆ ಅಡ್ಡವಾಗಿ ಯಜಮಾನಿ, ಮೇಜಿನ ಹಿಂದೆ ಇಸ್ತ್ರಿಯವಳು, ಗೋಡೆಯ ಕರೆಂಟಿನ ಪೆಟ್ಟಿಗೆಯ ಮುಂದೆ ವೈರಿಂಗ್ ಮೇಸ್ತ್ರಿ ಮತ್ತು ಅವರ ಸೊಸೆ. ಪಕ್ಕದ ಬಾಯ್ಲರಿನ ಹಬೆಗೆ ಸೊಸೆಯ ಬೆನ್ನು ಆಗಲೇ ಒದ್ದೆಯಾಗಿತ್ತು.

ವಿಷಯ ಇಷ್ಟೇ. ಒಂದೇ ತಿಂಗಳಲ್ಲಿ ಮೂರು ಇಸ್ತ್ರಿಪೆಟ್ಟಿಗೆ ಸುಟ್ಟಿದ್ದವು, ಮೂರೂ ಈ ಇಸ್ತ್ರಿಯವಳ ಕೈಯಲ್ಲೇ.

"ಲೈನಲ್ಲಿ ಏನಾದ್ರೂ ದೋಷ ಇದ್ರೆ ಹೇಳಿ ಮೇಸ್ತ್ರಿ. ಇಲ್ಲ ಅಂದ್ರೆ ಇವಳು ಇವತ್ತೇ ಮನೆಗೆ ಹೋಗ್ಲಿ," ಎಂದು ಯಜಮಾನಿ ಕಡ್ಡಿ ಮುರಿದಂತೆ ಹೇಳಿದ್ದಳು. ಹನ್ನೊಂದು ವರ್ಷ ಇದೇ ಕೆಲಸ ಮಾಡಿದ ಇಸ್ತ್ರಿಯವಳು ಈಗ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಲೈನು ಎಳೆದವರು ಬೇರಾರೂ ಅಲ್ಲ, ಮೇಸ್ತ್ರಿಯೇ. ಹೋದ ತಿಂಗಳು ಲಾಂಡ್ರಿ ಈ ಕಟ್ಟಡಕ್ಕೆ ಬಂದಾಗ. ಅವರ ಕಣ್ಣು ಮಂಜಾಗಿ ವರ್ಷವಾಗಿತ್ತು. ಮೀಟರಿನ ಅಂಕಿ ಮೂಗಿನ ಹತ್ತಿರ ಹಿಡಿದರೂ ಕಾಣುತ್ತಿರಲಿಲ್ಲ. ಸೊಸೆಯನ್ನು ಬಿಟ್ಟರೆ ಇದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. "ಕನ್ನಡಕ ಮನೇಲೇ ಬಿಟ್ಟುಬಂದೆ, ನೀನೇ ಓದಮ್ಮ," ಎನ್ನುವುದು ಅವರ ದಿನನಿತ್ಯದ ನೆಪ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಕನ್ನಡಕ ಅಂತ ಒಂದು ಇರಲೇ ಇಲ್ಲ! ಅವಳು ಓದುತ್ತಿದ್ದಳು, ಅವರು ತಂತಿ ಸೇರಿಸುತ್ತಿದ್ದರು. ಹೋದ ತಿಂಗಳು ಮಾತ್ರ ಸೊಸೆ ಜ್ವರ ಬಂದು ಮಲಗಿದ್ದಳು. ಮೇಸ್ತ್ರಿ ಒಬ್ಬರೇ ಬಂದು, ಹಳೇ ಟೆಸ್ಟ್ ಬಲ್ಬನ್ನು ಎರಡೆರಡು ತಂತಿಗಳ ನಡುವೆ ಹಿಡಿದು, ಮೂರು ಸಲವೂ ಒಂದೇ ಬೆಳಕು ಕಂಡು, "ಮೂರೂ ಸಮ" ಎಂದು ಬರೆದುಕೊಟ್ಟು ಹೋಗಿದ್ದರು.

ಸೊಸೆ ಮೀಟರನ್ನು ಪೆಟ್ಟಿಗೆಯ ಬಾಗಿಲಿಗೆ ತೂಗುಹಾಕಿ ಅಳೆದಳು. ತಂತಿ ತಂತಿಗಳ ನಡುವೆ ಮೂರು ಸಲವೂ ಇನ್ನೂರ ನಲವತ್ತು ವೋಲ್ಟ್. ಬಲ್ಬು ಸುಳ್ಳು ಹೇಳಿರಲಿಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಕಾಯುವುದು ಒಂದು ತಂತಿ ಮತ್ತು ನ್ಯೂಟ್ರಲ್ ನಡುವೆ, ಆ ಊರಿನ ಕರೆಂಟಿಗೆ ತಕ್ಕಂತೆ ಅದಕ್ಕೆ ಬೇಕಾದ್ದು ನೂರಿಪ್ಪತ್ತು. ಅವಳು ಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್ಲಿಗೆ ಒತ್ತಿ, ಇನ್ನೊಂದನ್ನು ಮೊದಲ ತಂತಿಗೆ ಮುಟ್ಟಿಸಿದಳು.

"ಎಷ್ಟಮ್ಮಾ?"

"ನೂರಿಪ್ಪತ್ತು, ಮಾವ."

ಎರಡನೆಯದೂ ನೂರಿಪ್ಪತ್ತೇ. ಮೂರನೆಯದು ಈ ಮೇಜಿಗೆ ಬರುವ ತಂತಿ. ಅಂಕಿ ಓಡಿ ಓಡಿ ಇನ್ನೂರ ಎಂಟಕ್ಕೆ ನಿಂತಿತು.

ಸೊಸೆಗೆ ಆಗ ಅರ್ಥವಾಯಿತು. ಈ ಕಟ್ಟಡಕ್ಕೆ ಬಂದಿರುವುದು ಎಲ್ಲ ಕಡೆ ಇರುವಂಥ ಸ್ಟಾರ್ ಲೈನು ಅಲ್ಲ, ಡೆಲ್ಟಾ. ಸ್ಟಾರಿನಲ್ಲಿ ನ್ಯೂಟ್ರಲ್ ನಟ್ಟನಡುವೆ ಇದ್ದು, ಮೂರು ತಂತಿಗೂ ಒಂದೇ ದೂರ. ಡೆಲ್ಟಾ ಎಂದರೆ ತ್ರಿಕೋನ. ಅದರಲ್ಲಿ ನ್ಯೂಟ್ರಲ್ ಇರುವುದು ಒಂದು ಬದಿಯ ಮಧ್ಯದಲ್ಲಿ; ಅಲ್ಲಿ ನಿಂತವನಿಗೆ ಎರಡು ಮೂಲೆ ಹತ್ತಿರ, ಮೂರನೆಯದು ದೂರ. ಆ ದೂರದ ಮೂಲೆಯ ತಂತಿ ದೊಡ್ಡ ಮೋಟಾರಿಗಷ್ಟೇ ಸರಿ, ಇಸ್ತ್ರಿಪೆಟ್ಟಿಗೆಗೆ ಕೊಟ್ಟರೆ ಸುಟ್ಟು ಕರಕಲು. ಇದನ್ನೆಲ್ಲ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಅವಳಿಗೆ ಕಲಿಸಿದವರು ಈ ಮಾವನೇ. ಹೆಂಗಸಿಗ್ಯಾಕೆ ಕರೆಂಟಿನ ಕೆಲಸ ಎಂದು ಮನೆಮಂದಿಯೆಲ್ಲ ಮೂಗು ಮುರಿದಾಗ, "ಅವಳಿಗಿರೋ ತಲೆ ನಿಮ್ಮಲ್ಲಿ ಯಾರಿಗಿದೆ?" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದವರೂ ಅವರೇ.

"ಮೂರನೇದು ಎಷ್ಟಮ್ಮಾ?"

ಸೊಸೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಇದ್ದದ್ದು ಹೇಳಿದರೆ ಮಾವನ ಮೂವತ್ತು ವರ್ಷದ ಹೆಸರು ಈ ಹಬೆಯಲ್ಲೇ ಮಣ್ಣುಪಾಲು, ಕಣ್ಣಿನ ಗುಟ್ಟೂ ರಟ್ಟು. ಹೇಳದಿದ್ದರೆ ಇಸ್ತ್ರಿಯವಳ ಅನ್ನಕ್ಕೆ ಕಲ್ಲು. ನಾಳೆ ಬಂದು ಸದ್ದಿಲ್ಲದೆ ತಂತಿ ಬದಲಿಸಿದರಾಯಿತು ಎಂದುಕೊಂಡಳು. ಆದರೆ ನಾಳೆಗೆ ಆ ಹೆಂಗಸು ಇಲ್ಲಿರುವುದಿಲ್ಲ ಎನ್ನುವುದೂ ಗೊತ್ತಿತ್ತು. ಹೊರಗೆ ಹೋಗಿ ಒಂದು ನಿಮಿಷ ಯೋಚಿಸೋಣವೆಂದರೆ ಬಾಗಿಲಲ್ಲಿ ಯಜಮಾನಿ.

"ನೂರಿಪ್ಪತ್ತು," ಎಂದಳು.

ಮಾವನ ಮುಖ ಅರಳಿತು. ಅದನ್ನು ನೋಡಲು ಅವಳಿಗೆ ಆಗಲಿಲ್ಲ.

"ಕೇಳಿಸ್ತಲ್ಲ, ನಡಿ ಇನ್ನು," ಎಂದಳು ಯಜಮಾನಿ.

ಇಸ್ತ್ರಿಯವಳು ಆಗ ಬಾಯಿಬಿಟ್ಟಳು. "ಹನ್ನೊಂದು ವರ್ಷದಲ್ಲಿ ಹಿಂದೆ ಒಂದೂ ಸುಟ್ಟಿಲ್ಲ ಮೇಸ್ತ್ರಿ. ಹೊಸ ಪೆಟ್ಟಿಗೆ ಇಲ್ಲೇ ಇದೆ. ಒಂದು ಸಲ ನೀವೇ ಹಾಕಿ ನೋಡಿ, ಆಮೇಲೆ ಹೋಗ್ತೀನಿ."

ಮೇಸ್ತ್ರಿಯದು ಮೆತ್ತನೆ ಮನಸ್ಸು. "ಅದಕ್ಕೇನಂತೆ, ಕೊಡಮ್ಮ," ಎಂದು ಇಸ್ತ್ರಿಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ತಡವುತ್ತಾ ಪ್ಲಗ್ಗಿನ ಜಾಗ ಹುಡುಕಿದರು. "ನಮ್ಮ ಸೊಸೆ ನೂರಿಪ್ಪತ್ತು ಅಂದ್ಮೇಲೆ ಭಯ ಯಾಕೆ?"

"ಬೇಡ ಮಾವ!"

ಸೊಸೆ ಮೈನ್ ಸ್ವಿಚ್ಚು ಕೆಳಗೆಳೆದಳು. ದೀಪ ಆರಿ, ಆಚೆಯ ಯಂತ್ರಗಳೆಲ್ಲ ಗೊರಗೊರ ಎನ್ನುತ್ತಾ ನಿಂತವು.

"ಇನ್ನೂರ ಎಂಟಿದೆ ಮಾವ. ನಾನು ಸುಳ್ಳು ಹೇಳ್ದೆ. ನಿಮ್ಮ ಹೆಸರು ಹಾಳಾಗಬಾರ್ದು ಅಂತ..."

ಮೇಸ್ತ್ರಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬಾಗಿಲ ಕಡೆ ತಿರುಗಿದರು. "ತಪ್ಪು ನಂದು ಅಮ್ಮಾವ್ರೇ. ನ್ಯೂಟ್ರಲ್ ಇಟ್ಟು ನೋಡ್ಲೇ ಇಲ್ಲ ನಾನು. ನನಗೆ ಕಣ್ಣು ಕಾಣ್ಸಲ್ಲ. ಈ ಇಸ್ತ್ರಿ ಅಮ್ಮನ ಕೈಯಲ್ಲಿ ಯಾವ ದೋಷವೂ ಇಲ್ಲ."

ಸೊಸೆ ಯಾವುದನ್ನು ಕಾಪಾಡಲು ಒದ್ದಾಡಿದ್ದಳೋ ಅದನ್ನು ಅವರು ಒಂದೇ ಉಸಿರಿಗೆ ಬಿಟ್ಟುಕೊಟ್ಟಿದ್ದರು. ಅವಳಿಗೆ ಅಳು ಬಂತು, ಎದೆಯ ಭಾರವೂ ಇಳಿದಂತಾಯಿತು.

"ಮೈನ್ ಹಾಕು," ಎಂದರು.

ಹಾಕಿದಳು. ಅವರು ಕಡ್ಡಿಗಳಿಗಾಗಿ ಕೈ ಚಾಚಿದರು. ಬೆರಳಿಗೇ ಗೊತ್ತಿದ್ದ ದಾರಿಯಲ್ಲಿ ಒಂದನ್ನು ನ್ಯೂಟ್ರಲ್ಲಿಗೂ ಇನ್ನೊಂದನ್ನು ಮೂರನೇ ತಂತಿಗೂ ಒತ್ತಿದರು. ಸೊಸೆ ಕಣ್ಣೊರೆಸಿಕೊಂಡು ಮೀಟರಿನ ಕಡೆ ಬಾಗಿದಳು. "ಓದ್ಲಾ ಮಾವ?"

ಅವರು ಅವಳ ಕಡೆ ತಿರುಗಲಿಲ್ಲ.

"ಇಸ್ತ್ರಿ ಅಮ್ಮ," ಎಂದರು, "ಸ್ವಲ್ಪ ಇಲ್ಲಿ ಬಂದು ಈ ಮೀಟರಲ್ಲಿ ಎಷ್ಟಿದೆ ಓದಿ ಹೇಳ್ತೀಯಾ?"

ಇಸ್ತ್ರಿಯವಳು ಮೇಜು ಬಳಸಿ ಬಂದಳು. ಅವಳಿಗೆ ನಿಲ್ಲಲು ಜಾಗ ಬೇಕಿತ್ತು. ಸೊಸೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು.

"ಎರಡು... ಸೊನ್ನೆ... ಎಂಟು," ಎಂದು ಇಸ್ತ್ರಿಯವಳು ಓದಿದಳು.

"ಸರಿಯಮ್ಮ," ಎಂದರು ಮೇಸ್ತ್ರಿ.