ಟೊಳ್ಳು ಮರದ ಬೇಸ್

ಅಂದು ಮೈತ್ರೇಯಿ ಡೈರಿಯಲ್ಲಿ ಬರೆದುಕೊಂಡದ್ದು ಒಂದೇ ಸಾಲು: 'ನನ್ನ ಕಿರುಬೆರಳಿನ ಮೋಸ ಯಾರಿಗಾದರೂ ತಿಳಿದುಬಿಟ್ಟರೆ?'

ಎಂ.ಎ. ಮುಗಿಸಿದ್ದರೂ ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ. ಹಾಸನದ ಸಿದ್ದೇಶ್ವರನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿದು ಮೂರು ತಿಂಗಳಾಗಿತ್ತು. ಹಿಂದೆ ನಿಂತು, ತಲೆ ತಗ್ಗಿಸಿ ನುಡಿಸಬಹುದೆಂದೇ ಅದನ್ನು ಹಿಡಿದದ್ದು. ಆದರೆ ತಂಡದ ಬೇಸ್ ಅವಳ ಕೈಗೆ ಒನಕೆ. ತೋರುಬೆರಳು ಕುತ್ತಿಗೆಯ ಮೊದಲ ಮೆಟ್ಟಿಲಿನ, ಅಂದರೆ ಫ್ರೆಟ್ಟಿನ, ಮೇಲಿದ್ದರೆ ಕಿರುಬೆರಳು ನಾಲ್ಕನೆಯದನ್ನು ಮುಟ್ಟುತ್ತಿರಲಿಲ್ಲ. ಆ ಸ್ವರ ಬೇಕಾದ ಹಾಡು ಬಂದಾಗ ವಾಲ್ಯೂಮ್ ಇಳಿಸಿ, ತಂತಿಯ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದಳು. ಕೀಬೋರ್ಡಿನವನ ಎಡಗೈಯ ಮಂದ್ರ ಸ್ವರ ಆ ಜಾಗವನ್ನೆಲ್ಲ ತುಂಬಿಬಿಡುತ್ತಿತ್ತು. ಈಗ ಅವನು ತಂಡ ಬಿಟ್ಟಿದ್ದ. ಭಾನುವಾರ ಚನ್ನರಾಯಪಟ್ಟಣದ ಆರತಕ್ಷತೆಗೆ ಬೇಸ್ ಒಂದೇ ಗತಿ. ಗುಟ್ಟು ಬಯಲಾದರೆ ಅವಳ ಜಾಗಕ್ಕೆ ಬೇರೆಯವರು.

ಬೇಸಿನ ಬಿರಡೆ ಸಡಿಲವಾಯಿತೆಂದು ಸಿದ್ದೇಶ್ವರ ಅವಳನ್ನು ಹೊಳೆನರಸೀಪುರಕ್ಕೆ, ವೀಣೆ ರಿಪೇರಿಯ ಪಂಚಾಕ್ಷರಯ್ಯನವರ ಅಂಗಡಿಗೆ ಕರೆತಂದ. ಗೋಡೆಯ ಮೇಲೆ, ವೀಣೆಗಳ ನಡುವೆ, ಹಳೆಯ ಬೇಸ್ ಒಂದು ತೂಗುತ್ತಿತ್ತು. ಅಂಚಿನಲ್ಲಿ ಹುರಿದ ಕಾಫಿಬೀಜದ ಬಣ್ಣ, ನಡುವೆ ಜೇನಿನದು. ಎದೆಯ ಎರಡೂ ಕಡೆ ಪಿಟೀಲಿಗಿರುವಂಥ ಬಾಗಿದ ಸೀಳು. ಕುತ್ತಿಗೆ ತಂಡದ ಬೇಸಿಗಿಂತ ನಾಲ್ಕೈದು ಬೆರಳು ಗಿಡ್ಡ.

"ಏನ್ ಸಾ ಇದು, ಮಕ್ಕಳಾಟದ್ ಬೇಸಾ?" ಸಿದ್ದೇಶ್ವರ ನಕ್ಕ.

"ನೀ ಉಟ್ಟೋಕ್ ಮುಂಚೇದು ಕಣ್ಲಾ!" ಬಿರಡೆ ಬಿಚ್ಚುತ್ತಲೇ ಪಂಚಾಕ್ಷರಯ್ಯ ಗದರಿದರು. "ನಡುವೆ ಗಟ್ಟಿ ದಿಮ್ಮಿ, ಅತ್ಲಾಗಿತ್ಲಾಗೆ ಟೊಳ್ಳು. ಫ್ರೆಟ್ಟು ಸಡ್ಲಾಗಿತ್ತು, ವೀಣೆ ಮೇಣವೇ ಆಕಿವ್ನಿ. ತಪ್ಪೋ ಸರಿಯೋ, ನಿಂತದೆ. ತಗಳವ್ವ, ಮೊದ್ಲು ಅದ್ರ ಅಂಚಿಗೆ ಗಲ್ಲ ಊರು. ಮರದ ಮಾತು ಮೂಳೆಗೇ ಮೊದ್ಲು ಕೇಳೋದು."

ಅವರು ಪ್ರತಿ ವೀಣೆಯನ್ನೂ ಪರೀಕ್ಷಿಸುವ ಬಗೆ ಅದು. ಮೈತ್ರೇಯಿ ಅದನ್ನು ಗೋಡೆಯಿಂದಿಳಿಸಿ, ಗಲ್ಲವೂರಿ ದಪ್ಪ ತಂತಿ ಮೀಟಿದಳು.

ತುಂಬಿದ ಕಣಜಕ್ಕೆ ಅಂಗೈ ತಟ್ಟಿದಂಥ ಸದ್ದು. ಯಾವ ಸ್ಪೀಕರೂ ಇಲ್ಲ, ಆದರೂ ದವಡೆಯಿಂದಿಳಿದು ಪಕ್ಕೆಲುಬುಗಳಲ್ಲಿ ಹರಡಿತು. ತೋರುಬೆರಳನ್ನು ಮೊದಲ ಫ್ರೆಟ್ ಮೇಲಿಟ್ಟಳು. ಕಿರುಬೆರಳು ತನ್ನ ಪಾಡಿಗೆ ತಾನು ಹೋಗಿ ನಾಲ್ಕನೆಯದರ ಮೇಲೆ ಕೂತಿತು. ಮೀಟಿದಳು. ಗೋಡೆಯಲ್ಲಿದ್ದ ವೀಣೆಗಳ ತಂತಿಗಳು ಯಾರೂ ಮುಟ್ಟದೆ ಝುಮ್ಮೆಂದವು.

ಇಷ್ಟು ದಿನ ತಾನು ಬಿಟ್ಟುಬಂದ ಸ್ವರ ಇಷ್ಟು ದೊಡ್ಡದೇ! ಪಂಚಾಕ್ಷರಯ್ಯ ಕೆಲಸ ಬಿಟ್ಟು ತಲೆಯೆತ್ತಿದರು.

"ಅಬ್ಬಬ್ಬಾ!" ಎಂದ ಸಿದ್ದೇಶ್ವರ. "ಭಾನ್ವಾರ ನಮ್ ಬೇಸಲ್ಲೂ ಇಂಗೇ ಬಾರ್ಸ್ಬುಡು ತಾಯಿ, ಗೆದ್ದಂಗೆ. ನಡಿ, ಬಿರಡೆ ಆಯ್ತು, ಓಗಾಣ." ಅವಳ ಕೈಯಿಂದ ಅದನ್ನು ತೆಗೆದು ಮತ್ತೆ ಮೊಳೆಗೆ ತೂಗುಹಾಕಿದ.

ಹೂಂ ಎಂದರೆ ಮುಗಿಯುತ್ತಿತ್ತು. ಅವನು ಬಾಗಿಲು ದಾಟುತ್ತಿದ್ದ.

"ಸಿದ್ದೇಶಣ್ಣ." ಅವಳ ದನಿ ಅವಳಿಗೇ ಜೋರೆನಿಸಿತು. "ನಮ್ಮ ಬೇಸಲ್ಲಿ ನಾನು ಆ ಸ್ವರ ಒಂದು ದಿನವೂ ನುಡಿಸಿಲ್ಲ. ಕೈ ಎಟುಕಲ್ಲ. ವಾಲ್ಯೂಮ್ ಇಳಿಸಿ, ನುಡಿಸೋ ಹಾಗೆ ಮಾಡ್ತಿದ್ದೆ."