ವೈರಾಗ್ಯವಲ್ಲ

ಇಚಲಕರಂಜಿಯ ಜೈನ ಮನೆತನದ ಕಾಂಚನಳಿಗೆ ಮೂವತ್ತೆರಡು ತುಂಬಿತ್ತು. ಪವರ್‌ಲೂಮ್ ಕಾರ್ಖಾನೆಯೊಂದರಲ್ಲಿ ನೇಯ್ದ ಬಟ್ಟೆಯ ತಪ್ಪು ಹುಡುಕುವ ಕೆಲಸ. ಜಯಸಿಂಗಪುರದಿಂದ ಬಂದ ಐದನೆಯ ಸಂಬಂಧವನ್ನೂ ಅವಳು ಒಲ್ಲೆನೆಂದಾಗ ಹಾತಕಣಂಗಲೆಯ ಮಾವಶಿ, ಅಂದರೆ ತಾಯಿಯ ತಂಗಿ, ತೀರ್ಪು ಕೊಟ್ಟಳು: "ಆಕಿಗೆ ವೈರಾಗ್ಯ ಬಂದೈತಿ. ಒಂದಿನ ದೀಕ್ಷಾ ತಗೋತಾಳ ನೋಡ."

ಅಲ್ಲಿಯವರೆಗೆ ಮೋರೆ ತಿರುಗಿಸುತ್ತಿದ್ದ ಬಂಧುಗಳು ಅಂದಿನಿಂದ ಅವಳನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಕಾಂಚನ ಅದನ್ನು ತಿದ್ದಲು ಹೋಗಲಿಲ್ಲ. ಮದುವೆಯ ಮಾತು ನಿಂತಿತ್ತಲ್ಲ, ಅಷ್ಟು ಸಾಕಿತ್ತು.

ತನ್ನದೇನೆಂಬುದು ಅವಳಿಗೆ ಗೊತ್ತಿತ್ತು. ಗಂಡಾಗಲಿ ಹೆಣ್ಣಾಗಲಿ, ಯಾರ ಮೇಲೂ ಅವಳಿಗೆ ಮೈಯ ಆಸೆ ಎಂದೂ ಹುಟ್ಟಿರಲಿಲ್ಲ. ಅದಕ್ಕೆ ಅಸೆಕ್ಷುಯಲ್ ಎಂಬ ಹೆಸರಿದೆಯೆಂದು ಮೊಬೈಲಿನಲ್ಲಿ ಓದಿದ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಆ ಹೆಸರನ್ನು ಮೊದಲು ಹೇಳಿದ್ದು ಕೊಲ್ಹಾಪುರದ ಸರಿತಾಳಿಗೆ. ಕಾಲೇಜಿನ ಗೆಳತಿ. ತಾನು ಲೆಸ್ಬಿಯನ್ ಎಂದು ಹತ್ತು ವರ್ಷದ ಹಿಂದೆ ಎಲ್ಲರಿಗಿಂತ ಮೊದಲು ಕಾಂಚನಳಿಗೆ ಹೇಳಿದವಳು. ಇವಳಿಗಾದರೂ ತಿಳಿದೀತು ಎಂದು ಬಸ್ಸು ಹತ್ತಿ ಹೋದರೆ ಸರಿತಾ ನಕ್ಕುಬಿಟ್ಟಳು.

"ಹಂಗೆಲ್ಲಾ ಏನ ಇರೂದಿಲ್ಲ ಬಿಡ. ನಿನಗ ಇನ್ನೂ ಯಾರೂ ಸಿಕ್ಕಿಲ್ಲ, ಅಷ್ಟ."

"ನಿಮ್ಮವ್ವನೂ ನಿನಗ ಇದನ್ನ ಅಂದಿದ್ಲು," ಎಂದಳು ಕಾಂಚನ.

ಸರಿತಾಳ ಮುಖ ಸಣ್ಣದಾಯಿತು. ಆಮೇಲೆ ಇಬ್ಬರೂ ಬೇರೆ ಏನೇನೋ ಮಾತಾಡಿದರು.

ಆ ವರ್ಷದ ಚಾತುರ್ಮಾಸಕ್ಕೆ ಊರ ಬಸದಿಗೆ ದೀಕ್ಷೆ ಪಡೆದ ಒಬ್ಬ ಮಾತಾಜಿ ಬಂದರು. ಮಗಳನ್ನು ಕರೆದುಕೊಂಡು ಹೋದ ತಾಯಿ ಕೈಮುಗಿದು ಹೇಳಿದಳು: "ನಮ್ಮ ಹುಡುಗಿಗೆ ವೈರಾಗ್ಯ ಐತ್ರಿ, ಮಾತಾಜಿ."

"ಏನೇನ ಬಿಡಬೇಕು ಅನಸ್ತೈತಿ, ಮಗಾ?" ಎಂದು ಮಾತಾಜಿ ಕೇಳಿದರು.

ಒಂದು ಸುಳ್ಳು ಹೇಳಿದ್ದರೆ ಮದುವೆಯ ಕಾಟವಿಲ್ಲದೆ ಜೀವಮಾನವಿಡೀ ಕಳೆದುಬಿಡಬಹುದಿತ್ತು. ಆ ಬಿಳಿ ಸೀರೆಯ ಮುದುಕಿಯ ಎದುರು ಅದು ಬಾಯಿಗೆ ಬರಲಿಲ್ಲ.

"ಏನೂ ಬಿಡಬೇಕು ಅನಸೂದಿಲ್ರಿ. ನನಗ ಛಲೋ ಸೀರಿ ಬೇಕು, ಸಿನೆಮಾ ಬೇಕು, ಪೇಢಾ ಅಂದ್ರ ಜೀವ. ಆ ಒಂದು ಆಸೆ ಮಾತ್ರ ಮದಲಿಂದನೂ ಇಲ್ರಿ."

ಮಾತಾಜಿ ತಾಯಿಗೆ ಹೇಳಿದರು: "ಇಲ್ಲದ್ದನ್ನ ಈಕಿ ಹೆಂಗ ಬಿಡ್ಬೇಕವ್ವಾ? ಈಕಿ ಖರೇ ಹೇಳಾಕತ್ತಾಳ. ಇದು ವೈರಾಗ್ಯ ಅಲ್ಲ, ದೀಕ್ಷಾದ ಮಾತ ಬಿಡ್ರಿ."

ಅವಳ ಮಾತನ್ನು ನಂಬಿದವರು ಅವರೊಬ್ಬರೇ. ನಂಬಿದ್ದಕ್ಕೇ ಇದ್ದ ಒಂದು ಆಸರೆಯೂ ಹೋಯಿತು.

ದಾರಿಯಲ್ಲಿ ತಾಯಿ ನಿಂತಳು. "ಹಂಗಾದ್ರ ಏನವಾ ಇದು?"

ಕಾಂಚನ ಆ ಹೆಸರು ಹೇಳಿದಳು. ಕನ್ನಡದಲ್ಲಿ ಬಿಡಿಸಿ ಹೇಳಿದಳು, ಸಾಲದೆ ಮರಾಠಿಯಲ್ಲೂ ಹೇಳಿದಳು.

"ಡಾಕ್ಟರಿಗೆ ತೋರಸೂಣೇನ?"

"ಬ್ಯಾನಿ ಅಲ್ಲವ್ವಾ ಅದು."

"ಬ್ಯಾನಿ ಅಲ್ಲಂದ್ರ ಹೆಸರ ಯಾಕ ಇಟ್ಟಾರ?"

ಕಾಂಚನ ಮನೆಯ ದಾರಿ ಹಿಡಿದಳು.

ಸಂಜೆ ತಾಯಿ ಮಾವಶಿಗೆ ಫೋನು ಹಚ್ಚಿ ದನಿ ತಗ್ಗಿಸಿ ಅನ್ನುತ್ತಿದ್ದಳು, "ವೈರಾಗ್ಯ ಅಲ್ಲಂತ. ಮೈಯಾಗ ಏನೋ ಕಮ್ಮಿ ಐತಿ." ಕಾಂಚನ ಆ ಫೋನನ್ನು ಇಸಿದುಕೊಂಡಳು.

"ಮಾವಶಿ, ಏನೂ ಕಮ್ಮಿ ಇಲ್ಲ. ನಾ ಅಸೆಕ್ಷುಯಲ್ ಅದೀನಿ. ನನ್ನಂಥಾವ್ರು ಜಗತ್ತಿನ್ಯಾಗ ಭಾಳ ಮಂದಿ ಅದಾರ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಹೊತ್ತ ಮುಳಗಾಕ ಬಂತು," ಎಂದಳು ಮಾವಶಿ. "ಊಟಾ ಮಾಡೀಯೇನ?"

"ಇಲ್ಲ, ಈಗ ಮಾಡ್ತೀನಿ."

ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ ಅದು; ತಾಯಿ ತಾಟು ಬಡಿಸಿಟ್ಟು ಒಳಕೋಣೆಗೆ ಹೋಗಿದ್ದಳು. ಬೆಳಕು ಆರುವ ಮೊದಲು ಕಾಂಚನ ಒಬ್ಬಳೇ ಕೂತು ಉಂಡಳು.