ಕಟ್ಟಿಹಾಕಿದ ಡಿಪ್ಪರ್ ಕಡ್ಡಿ

ಭತ್ತದ ಸುಗ್ಗಿ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರಸ್ತೆಗಳಲ್ಲಿ ಸಂಜೆ ನಡೆಯುವುದು ಎಂಥ ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಎದುರಿನ ಲಾರಿಯ ದೀಪ ನೇರ ಕಣ್ಣಿಗೇ ಬಡಿಯುತ್ತದೆ. ಸೈಕಲ್ಲಿನವನು ಇಳಿದು ನಿಲ್ಲುತ್ತಾನೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ಮುಖ ತಿರುಗಿಸುತ್ತಾಳೆ. ಲಾರಿ ಹೋದ ಮೇಲೆ ನಾಲ್ಕು ಮಾತು ಬಯ್ದು ಮುಂದೆ ಸಾಗುತ್ತೇವೆ. 1993ರ ಸುಗ್ಗಿಯಲ್ಲಿ ವಳಕಮದಿನ್ನಿಯ ಗದ್ದೆಪ್ಪನಿಗೆ ಹಾಗೆ ಮುಂದೆ ಸಾಗಲು ಆಗಲಿಲ್ಲ. ಅವನ ಬಲಗಾಲು ಹೋಯಿತು. ಅದನ್ನು ಉಳಿಸಬಹುದಿತ್ತು. ಉಳಿಸಬಹುದಿತ್ತು ಎಂಬುದಕ್ಕೇ ಈ ಕಥೆ.

ಲಾರಿ ಮಸ್ಕಿಯ ಆದಪ್ಪನದು. ಮಾಲೀಕನೂ ಅವನೇ, ಡ್ರೈವರನೂ ಅವನೇ. ಲಾರಿಯ ಸ್ಟೇರಿಂಗಿನ ಕೆಳಗೆ ಗೇಣುದ್ದದ ಒಂದು ಕಡ್ಡಿ ಇತ್ತು. ಎತ್ತಿದರೆ ದೀಪ ದೂರಕ್ಕೆ ಬೀಳುತ್ತದೆ, ಇಳಿಸಿದರೆ ಹತ್ತಿರದ ನೆಲಕ್ಕೆ ಬಾಗುತ್ತದೆ. ಮೊದಲನೆಯದು ಅಪ್ಪರ್, ಎರಡನೆಯದು ಡಿಪ್ಪರ್. ಆದಪ್ಪ ಆ ಕಡ್ಡಿಯನ್ನು ಗೂಟವನ್ನಾಗಿಯೂ ಮಾಡಿಕೊಂಡಿದ್ದ. ಟವೆಲ್ಲು, ಬುತ್ತಿಗಂಟು, ಸಂತೆಯ ಚೀಲ ಎಲ್ಲವೂ ಅದಕ್ಕೇ ಜೋತು ಬೀಳುತ್ತಿದ್ದವು. ಒಂದು ದಿನ ಅದು ಬುಡದಲ್ಲಿ ಬಿರುಕು ಬಿಟ್ಟಿತು. ಇಳಿಸಿದರೆ ದೀಪವೇ ಆರಿಹೋಗುತ್ತಿತ್ತು. ಆದಪ್ಪ ಕಡ್ಡಿಯನ್ನು ಮೇಲಕ್ಕೆತ್ತಿ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ. ಅಂದಿನಿಂದ ಆ ಲಾರಿಗೆ ಉಳಿದದ್ದು ಅಪ್ಪರ್ ಒಂದೇ.

ಸಿಂಧನೂರಿನಲ್ಲಿ ಲಾರಿಗಳ ವಯರಿಂಗ್ ಕೆಲಸ ಮಾಡುವ ಉಸ್ಮಾನ್‌ಸಾಬರ ಕಣ್ಣಿಗೆ ಅದು ಬಿತ್ತು.

“ಇದೇನಲೇ ಆದಪ್ಪ, ಕೈ ಮುರಕೊಂಡೋರಿಗೆ ಕಟ್ಟಿದಂಗ ಕಟ್ಟೀದಿ?”

“ನಡೀತೈತಿ ಬಿಡು ಚಾಚಾ. ದೀಪ ಹತ್ತತೈತಲ್ಲ.”

“ಹತ್ತತೈತಿ, ಇಳಿಯಂಗಿಲ್ಲ. ಎದುರಿಗೆ ಬರೋರನ್ನ ಕುರುಡು ಮಾಡಾಕತ್ತೀದಿ. ಹೊಸಾ ಕಡ್ಡಿ ನನ್ನ ಹತ್ರ ಐತಿ. ಸ್ಟೇರಿಂಗ್ ಚಕ್ರ ಬಿಚ್ಚಿದ್ರ ಒಂದು ತಾಸಿನ ಕೆಲಸ.”

“ಚಕ್ರ ಬಿಚ್ಚಬೇಕಾ?”

ಆದಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟ. ಚಕ್ರದ ನಡುವೆ, ಹಾರ್ನಿನ ಮುಚ್ಚಳದ ಮೇಲೆ, ಕೆಂಪು ದಾರ ಸುತ್ತಿತ್ತು. ಆಯುಧಪೂಜೆಯ ದಿನ ಮಸ್ಕಿಯ ಕರಿಬಸಯ್ಯನವರು ವಿಭೂತಿ ಹಚ್ಚಿ ಕಟ್ಟಿದ ದಾರ ಅದು.

“ಅಯ್ಯಾರು ಕಟ್ಟ್ಯಾರ ಚಾಚಾ. ಇದನ್ನ ಹರದ್ರ ಗಾಡಿ ಕೈ ಕೊಡತೈತಿ. ಶಿವರಾತ್ರಿಗೆ ಹೊಸಾದು ಕಟ್ಟಸ್ತೀನಿ, ಆವಾಗ ಬಿಚ್ಚೂಣು.”

“ಬಿಚ್ಚಬ್ಯಾಡ ಅಂತ ಅಯ್ಯಾರು ಅಂದಾರೇನು?”

“ಅನ್ನಬೇಕೇನು? ಗೊತ್ತಿರೋ ಮಾತು.”

“ಗೊತ್ತಿರೋ ಮಾತಿನ್ಯಾಗ ನೀ ಭಾಳ ಶಾಣ್ಯಾ. ಲಾರಿ ಹಿಂದ ಏನ್ ಬರಸೀದಿ ಓದ್ಕೊಂಡೀಯೇನು? ‘ಡಿಪ್ಪರ್ ಹಾಕಿರಿ’. ಊರಿಗೆಲ್ಲ ಬುದ್ಧಿ ಹೇಳ್ತಿ.”

“ಅದು ಹಿಂದ ಬರೋರಿಗೆ ಚಾಚಾ.” ಆದಪ್ಪ ನಗುತ್ತ ಲಾರಿ ಹತ್ತಿದ.

ಮನೆಯಲ್ಲಿ ಹೆಂಡತಿ ಗಿರಿಯಮ್ಮನೂ, “ಅಯ್ಯಾರ್ನ ಒಂದು ಮಾತು ಕೇಳ್ರಿ, ಇದೇ ಊರಾಗ ಅದಾರ,” ಎಂದಳು. ಆದಪ್ಪ, “ಸುಗ್ಗಿ ಮುಗೀಲಿ,” ಎಂದ. ಕರಿಬಸಯ್ಯನವರ ಮಠದ ಮುಂದೆಯೇ ದಿನವೂ ಅವನ ಲಾರಿ ಹಾದುಹೋಗುತ್ತಿತ್ತು.

ಡಿಸೆಂಬರಿನ ಒಂದು ಸಂಜೆ, ದೀಪ ಹಚ್ಚುವ ಹೊತ್ತು. ಭತ್ತ ತುಂಬಿಕೊಂಡು ಬರಲು ಆದಪ್ಪ ವಳಕಮದಿನ್ನಿಯ ಕಾಲುವೆ ದಂಡೆಯ ರಸ್ತೆ ಹಿಡಿದಿದ್ದ. ಎದುರಿಗೆ ಹುಲ್ಲಿನ ಬಂಡಿಯೊಂದು ಬಂತು. ಎತ್ತುಗಳು ಕತ್ತು ಕೊಂಕಿಸಿ ಹಿಂಜರಿದವು. ಆದಪ್ಪ ಹಾರ್ನ್ ಹೊಡೆದ, ಲಾರಿಯನ್ನು ಒಂದು ಬದಿಗೆ ಎಳೆದು ದಾಟಿಹೋದ. ಲಾರಿ ಯಾವುದಕ್ಕೂ ತಾಗಲಿಲ್ಲ.

ಕಣದಲ್ಲಿ ಚೀಲ ಏರಿಸುತ್ತಿರುವಾಗ ಸುದ್ದಿ ಬಂತು. ಗದ್ದೆಪ್ಪನ ಬಂಡಿ ಕಾಲುವೆಗೆ ಉರುಳಿದೆ. ಒಂದು ಎತ್ತು ನೊಗದಲ್ಲೇ ಮುಳುಗಿ ಸತ್ತಿದೆ. ಗದ್ದೆಪ್ಪನ ಕಾಲು ಗಾಲಿಯ ಕೆಳಗೆ ಸಿಕ್ಕಿ ನುಜ್ಜುಗುಜ್ಜಾಗಿದೆ. ವರ್ಷ ವರ್ಷ ತನ್ನ ಲಾರಿಗೇ ಭತ್ತ ಹೇರುತ್ತಿದ್ದ ಆ ರೈತನನ್ನು ಆದಪ್ಪ ತನ್ನ ಪಕ್ಕದ ಸೀಟಿನಲ್ಲೇ ಮಲಗಿಸಿಕೊಂಡು ಸಿಂಧನೂರಿನ ಆಸ್ಪತ್ರೆಗೆ ಹೊರಟ.

“ಯಾವನೋ ಲಾರಿಯಾಂವ, ದೀಪಾನ ಇಳಸಲಿಲ್ಲ,” ಎಂದು ಗದ್ದೆಪ್ಪ ನರಳಿದ. “ಎತ್ತಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ದಂಡಿ ಎಲ್ಲೈತಿ, ನೀರು ಎಲ್ಲೈತಿ ಒಂದೂ ತಿಳೀಲಿಲ್ಲ. ನೀ ಸಿಕ್ಕಿದ್ದು ನನ್ನ ಪುಣ್ಯ ಆದಪ್ಪ.”

ಆದಪ್ಪ ಸ್ಟೇರಿಂಗ್ ಹಿಡಿದು ಲಾರಿ ಓಡಿಸಿದ. ಕಟ್ಟಿದ ಕಡ್ಡಿ ಅವನ ಕೈಯ ಪಕ್ಕದಲ್ಲೇ ಇತ್ತು. ರಸ್ತೆಯುದ್ದಕ್ಕೂ ಎದುರಾದವರೆಲ್ಲ ಮೊಣಕೈ ಎತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಬ್ಬ ಮುದುಕಿ ದಾರಿ ಕಾಣದೆ ಇದ್ದಲ್ಲಿಯೇ ಕುಳಿತುಬಿಟ್ಟಳು. ಇವರೆಲ್ಲ ನಿನ್ನೆಯೂ ಹೀಗೇ ಮಾಡಿರಬೇಕು, ಮೊನ್ನೆಯೂ ಮಾಡಿರಬೇಕು. ಅವನು ಅದನ್ನು ಮೊದಲ ಸಲ ನೋಡಿದ್ದು ಆ ದಿನ.

ಮೂರನೆಯ ದಿನ ವೈದ್ಯರು ಗದ್ದೆಪ್ಪನ ಕಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು.

ಆದಪ್ಪ ಮನೆಗೆ ಬಂದು ಉಣ್ಣದೆ ಕುಳಿತ. “ನನ್ನ ಲಾರಿ ಯಾರಿಗೂ ತಾಗಿಲ್ಲ,” ಎಂದ. ಮತ್ತೆ ಅದನ್ನೇ ಅಂದ.

“ದೀಪ ತಾಗೈತಿ,” ಎಂದಳು ಗಿರಿಯಮ್ಮ. “ಆ ಕಡ್ಡಿಗೆ ಬುತ್ತಿಗಂಟು ಜೋತುಹಾಕಿದಾಕಿ ನಾನೂ ಹೌದು. ಏಳ್ರಿ, ಅಯ್ಯಾರ ಹತ್ರ ಹೋಗೂಣು.”

ಕರಿಬಸಯ್ಯನವರು ಅವರ ಜೊತೆಗೇ ಸಿಂಧನೂರಿಗೆ ಬಂದರು. ಉಸ್ಮಾನ್‌ಸಾಬರ ಅಂಗಡಿಯ ಮುಂದೆ ಲಾರಿ ಹತ್ತಿ ದಾರದ ಗಂಟು ಬಿಚ್ಚಿ, ಸುತ್ತಿ ಜೇಬಿಗೆ ಹಾಕಿಕೊಂಡರು.

“ಬಿಚ್ಚಬೌದಿತ್ತೇನ್ರಿ ಅಯ್ಯಾರ?” ಎಂದ ಆದಪ್ಪ.

“ನೂಲು ಐತಪ್ಪ ಇದು. ಕಟ್ಟಿದಾಂವ ಬಿಚ್ಚತಾನ, ಮತ್ತ ಕಟ್ಟತಾನ. ನೀ ಕರದಿದ್ರ ಅವತ್ತೇ ಬರ್ತಿದ್ದೆ. ಕೇಳಲಿಲ್ಲಲ್ಲೋ ತಮ್ಮಾ ನೀ.”

ಉಸ್ಮಾನ್‌ಸಾಬರು ‘ನಾ ಹೇಳಿದ್ದೆ’ ಎನ್ನಲಿಲ್ಲ. ಮೊದಲು ಬ್ಯಾಟರಿಯ ವಯರು ತೆಗೆದರು. ಹಾರ್ನಿನ ಮುಚ್ಚಳ ಎತ್ತಿ, ಒಳಗಿನ ನಟ್ಟು ಸಡಿಲಿಸಿ, ಚಕ್ರ ಹಿಂದಿನಂತೆಯೇ ಕೂರಲೆಂದು ಸುಣ್ಣದಿಂದ ಗುರುತು ಹಾಕಿ ಅದನ್ನು ಹೊರತೆಗೆದರು. ಮುರಿದ ಕಡ್ಡಿಯ ವಯರುಗಳನ್ನು ಒಂದೊಂದಾಗಿ ಬಿಡಿಸಿ, ಬಣ್ಣ ನೋಡಿ ಹೊಸದಕ್ಕೆ ಸೇರಿಸಿದರು. ಚಕ್ರ ಕೂರಿಸಿ ನಟ್ಟನ್ನು ಎರಡೆರಡು ಸಲ ಬಿಗಿದು, ಬ್ಯಾಟರಿ ಜೋಡಿಸಿ, ಎದುರಿನ ಗೋಡೆಗೆ ದೀಪ ಬಿಟ್ಟರು. ಎತ್ತಿದರು, ಇಳಿಸಿದರು. ಬೆಳಕು ಗೋಡೆಯಿಂದ ಸರಿದು ನೆಲಕ್ಕೆ ಬಂತು. ಇಷ್ಟಕ್ಕೆ ಒಂದು ತಾಸೂ ಹಿಡಿಯಲಿಲ್ಲ.

ಮರುದಿನ ಆದಪ್ಪ ಆಸ್ಪತ್ರೆಗೆ ಹೋಗಿ ಗದ್ದೆಪ್ಪನ ಮಂಚದ ಪಕ್ಕ ನಿಂತ.

“ಆ ಲಾರಿ ನಂದು ಗದ್ದೆಪ್ಪಣ್ಣ. ದೀಪದ ಕಡ್ಡಿ ಮುರದಿತ್ತು. ಹಂಗೇ ಹೊಡ್ಯಾಕತ್ತಿದ್ದೆ.”

ಗದ್ದೆಪ್ಪ ಮೊಣಕೈ ಊರಿ ತುಸು ಎದ್ದ.

“ಈಗ ಹಾಕಿಸೀದಿ?”

“ಹಾಕಿಸೀನಿ.”

“ಯಾವಾಗ?”

“ನಿನ್ನೆ.”

ಗದ್ದೆಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಆಮೇಲೆ ಆ ಕುಟುಂಬದ ಹೊಲಕ್ಕೆ ಆದಪ್ಪ ಎಷ್ಟೋ ಸಲ ದುಡಿಯಲು ಹೋದ. ಗದ್ದೆಪ್ಪ ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಾಲುವೆಗೆ ತಡೆಗೋಡೆ ಯಾಕೆ ಕಟ್ಟಿಲ್ಲವೆಂದು ಕೇಳಬೇಕು. ಕೇಳೋಣ, ಬಿಡುವುದು ಬೇಡ. ಆದರೆ ಆ ಗೋಡೆ ಏಳುವ ತನಕ ಸ್ಟೇರಿಂಗ್ ಹಿಡಿದವನ ಕೈ ಸುಮ್ಮನಿರಬೇಕೆಂದು ಯಾರೂ ಹೇಳಿಲ್ಲ. ನಿಮ್ಮ ಮನೆಯ ಲಾರಿ, ಟ್ರ್ಯಾಕ್ಟರಿನ ದೀಪವನ್ನು ಇಂದು ಸಂಜೆ ಗೋಡೆಗೆ ಬಿಟ್ಟು ನೋಡಿ. ಅದು ಇಳಿಯದಿದ್ದರೆ ಗಾಡಿ ಹೊರಡಿಸಬೇಡಿ. ಆ ಕಡ್ಡಿಗೆ ಏನನ್ನೂ ಜೋತುಹಾಕಬೇಡಿ, ಮುರಿದರೆ ಕಟ್ಟಬೇಡಿ, ಬದಲಿಸಿ. ದೇವರ ದಾರ ಅಡ್ಡ ಬಂದರೆ ಕಟ್ಟಿದವರನ್ನು ಕರೆದು ಕೇಳಿ. ಎತ್ತಿನ ಬಂಡಿ ಹೂಡುವವರೇ, ಸಂಜೆಯಾದರೆ ಬಂಡಿಯ ಮುಂದೊಂದು ಹಿಂದೊಂದು ಕಂದೀಲು ಕಟ್ಟಿ.

ಎದುರಿಗೆ ಬಂಡಿ ಬರಲಿ, ಸೈಕಲ್ಲು ಬರಲಿ, ಬರಿಗಾಲಿನಲ್ಲಿ ನಡೆಯುವ ಕೂಲಿಯವಳು ಬರಲಿ, ದೀಪ ಇಳಿಸಿ. ಆಕೆ ಯಾರೆಂದು ನಿಮಗೆ ಗೊತ್ತಿರಬೇಕಾಗಿಲ್ಲ.